ಕೆಮ್ಮಿದರೆ ಸೋರುವ ಮೂತ್ರಕ್ಕೆ ನಮ್ಮದೇ ಸ್ನಾಯುಕೋಶ: ಸಂಶೋಧನೆ ಎಲ್ಲಿಗೆ ಬಂದಿದೆ?

ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ನನ್ನ ಚಿಕ್ಕಮ್ಮ ಈಚೆಗೆ ಒಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿ, ಅದರ ಬೆನ್ನಿಗೇ ಫೋನ್ ಮಾಡಿದರು. ಅವರ ಭಜನಾ ಮಂಡಳಿಯ ಗುಂಪಿನಲ್ಲಿ ಯಾರೋ ಹಾಕಿದ್ದು. ‘ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆಯೇ? ಆಪರೇಶನ್ ಬೇಡ. ನಿಮ್ಮದೇ ಸ್ಟೆಮ್ ಸೆಲ್, ಒಂದೇ ಇಂಜೆಕ್ಷನ್’ ಎಂದಿತ್ತು. ಕೆಳಗೊಂದು ಕ್ಲಿನಿಕ್ಕಿನ ನಂಬರು. ಫೋನ್ ಮಾಡಿ ಕೇಳಿದ್ದರಂತೆ, ಲಕ್ಷಗಳಲ್ಲಿ ದುಡ್ಡು ಹೇಳಿದರಂತೆ.

‘ಇದು ಹೌದಾ ಮಗಾ?’ ಅಂದರು. ಆಮೇಲೆ ಸ್ವಲ್ಪ ತಡೆದು, ‘ನಂಗೆ ಒಂಬತ್ತು ವರ್ಷದಿಂದ ಇದೆ. ಯಾರ ಹತ್ರ ಹೇಳ್ಕೊಳ್ಳೋದು? ಲೋಕಲ್ ಹತ್ತೋ ಮುಂಚೆ ನೀರು ಕುಡಿಯೋದೇ ಬಿಟ್ಟಿದೀನಿ’ ಅಂದರು. ಮಾರನೆಯ ದಿನ ಅದೇ ಮಂಡಳಿಯ ಇನ್ನೂ ಮೂವರು ಅವರ ಮೂಲಕ ನನ್ನನ್ನು ಕೇಳಿಸಿದರು. ಮೂವರೂ ತಮಗೊಬ್ಬರಿಗೇ ಹೀಗೆ ಅಂದುಕೊಂಡಿದ್ದವರು.

ಸಂದೇಶದಲ್ಲಿದ್ದ ಪದಗಳು ಪೂರ್ತಿ ಸುಳ್ಳಲ್ಲ. ಸ್ವಂತ ಸ್ನಾಯುವಿನ ಕೋಶ ತೆಗೆದು, ಬೆಳೆಸಿ, ಮೂತ್ರ ಹಿಡಿದಿಡುವ ಸ್ನಾಯುವಿಗೆ ಚುಚ್ಚುವ ಸಂಶೋಧನೆ 20 ವರ್ಷಕ್ಕೂ ಹೆಚ್ಚು ಕಾಲದಿಂದ ನಿಜವಾಗಿಯೂ ನಡೆಯುತ್ತಿದೆ. ಆದರೆ ಸಂಶೋಧನೆಗೂ ಚಿಕಿತ್ಸೆಗೂ ನಡುವೆ ದೂರವಿದೆ. ಆ ದೂರ ಎಷ್ಟು, ಯಾಕೆ ಎಂದು ತಿಳಿದರೆ ಆ ಸಂದೇಶವನ್ನು ಏನು ಮಾಡಬೇಕೆಂದು ಅವರವರೇ ತೀರ್ಮಾನಿಸಬಹುದು. ಅದಕ್ಕಾಗಿ ಬುಡದಿಂದ ಶುರು ಮಾಡುತ್ತೇನೆ.

‘ಸ್ಟ್ರೆಸ್’ ಎಂದರೆ ಟೆನ್ಶನ್ ಅಲ್ಲ

ಡಾಕ್ಟರು ಚೀಟಿಯಲ್ಲಿ ‘ಸ್ಟ್ರೆಸ್ ಇನ್‌ಕಾಂಟಿನೆನ್ಸ್’ ಎಂದು ಬರೆದರೆ ಹಲವರು ಮನಸ್ಸಿನ ಒತ್ತಡದಿಂದ ಬಂದ ಕಾಯಿಲೆ ಎಂದು ತಿಳಿಯುತ್ತಾರೆ. ಮಗಳ ಮದುವೆ ಚಿಂತೆಯಿಂದ ಹೀಗಾಯಿತು ಎಂದು ಚಿಕ್ಕಮ್ಮನೂ ನಂಬಿದ್ದರು. ಇಲ್ಲಿ ಸ್ಟ್ರೆಸ್ ಎಂದರೆ ಹೊಟ್ಟೆಯೊಳಗಿನ ಒತ್ತಡ, ಅಷ್ಟೆ. ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ನೀರಿನ ಕೊಡ ಎತ್ತಿದಾಗ, ಮೆಟ್ಟಿಲು ಇಳಿಯುವಾಗ ಹೊಟ್ಟೆಯ ಒತ್ತಡ ಏಕಾಏಕಿ ಏರಿ ಮೂತ್ರಕೋಶವನ್ನು ಅದುಮುತ್ತದೆ. ಆ ಕ್ಷಣಕ್ಕೆ ಬಾಗಿಲು ಬಿಗಿಯಾಗಿ ನಿಲ್ಲದಿದ್ದರೆ ಸ್ವಲ್ಪ ಹೊರಬರುತ್ತದೆ. ಇದು ಒತ್ತಡದ ಸೋರಿಕೆ.

ಇನ್ನೊಂದು ಬಗೆ ಬೇರೆಯೇ. ಕೆಮ್ಮಿಲ್ಲ, ಸೀನಿಲ್ಲ, ಇದ್ದಕ್ಕಿದ್ದಂತೆ ತಡೆಯಲಾರದ ಅವಸರ ಬಂದು, ಬಚ್ಚಲಿಗೆ ತಲುಪುವುದರೊಳಗೆ ಆಗಿಹೋಗುತ್ತದೆ. ಇದು ಅವಸರದ ಸೋರಿಕೆ. ಇಲ್ಲಿ ಬಾಗಿಲು ಸರಿಯಿರಬಹುದು, ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತದೆ. ಎರಡೂ ಕೂಡಿರುವವರೂ ಬಹಳ ಜನ. ಈ ವ್ಯತ್ಯಾಸವನ್ನು ನೆನಪಿಡಬೇಕು, ಏಕೆಂದರೆ ಸ್ನಾಯುಕೋಶ ಚುಚ್ಚುವ ಸಂಶೋಧನೆ ಇರುವುದು ಮೊದಲನೆಯ ಬಗೆಗೆ. ಅವಸರದ ಸೋರಿಕೆಗೆ ಚಿಕಿತ್ಸೆಯ ದಾರಿಯೇ ಬೇರೆ.

ಎಷ್ಟು ಜನರಿಗೆ ಇರುತ್ತದೆ? ನಾರ್ವೆಯಲ್ಲಿ 27,936 ಮಹಿಳೆಯರನ್ನು ಕೇಳಿ 2000ದಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರು ಸೋರಿಕೆ ಇದೆ ಎಂದಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯದು ಒತ್ತಡದ ಸೋರಿಕೆ. ಹೆರಿಗೆ, ವಯಸ್ಸು, ಮೈತೂಕ, ಹಳೆಯ ಕೆಮ್ಮು, ಮಲಬದ್ಧತೆಯ ತಿಣುಕಾಟ ಇವೆಲ್ಲ ಇದನ್ನು ಹೆಚ್ಚಿಸುತ್ತವೆ. ಗಂಡಸರಿಗೂ ಬರುತ್ತದೆ, ಮುಖ್ಯವಾಗಿ ಪ್ರಾಸ್ಟೇಟ್ ಗ್ರಂಥಿ ತೆಗೆದ ಮೇಲೆ.

ಎಲೆಅಡಿಕೆ ಸಂಚಿಯ ಬಾಯಿ

ಅಜ್ಜಿಯರ ಸೊಂಟದಲ್ಲಿದ್ದ ಎಲೆಅಡಿಕೆ ಸಂಚಿಯನ್ನು ನೆನಪು ಮಾಡಿಕೊಳ್ಳಿ. ಬಟ್ಟೆಯ ಚೀಲ, ಬಾಯಿಗೆ ಪೋಣಿಸಿದ ದಾರ. ದಾರ ಎಳೆದರೆ ಬಾಯಿ ಮುದುಡಿ ಮುಚ್ಚುತ್ತದೆ, ಸಡಿಲಿಸಿದರೆ ತೆರೆಯುತ್ತದೆ. ಮೂತ್ರಕೋಶವೂ ಅಂಥದೇ ಹಿಗ್ಗುವ ಚೀಲ, ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅದರ ಬಾಯಿಂದ ಹೊರಗೆ ಹೋಗುವ ನಾಳ ಹೆಂಗಸರಲ್ಲಿ ಬರೀ 4 ಸೆಂಟಿಮೀಟರಿನಷ್ಟು ಉದ್ದ, ಗಂಡಸರಲ್ಲಿ ಸುಮಾರು 20. ಡಾಕ್ಟರುಗಳು ಯುರೆಥ್ರಾ ಎನ್ನುವ ಇದನ್ನು ಇಲ್ಲಿ ಮೂತ್ರನಾಳ ಎಂದು ಕರೆಯೋಣ. ಆ ನಾಳದ ಸುತ್ತ ಉಂಗುರದಂತೆ ಸ್ನಾಯು ಇದೆ, ಅದೇ ಸಂಚಿಯ ದಾರ. ವೈದ್ಯರ ಮಾತಿನಲ್ಲಿ ಸ್ಫಿಂಕ್ಟರ್.

ದಾರ ಒಂದೇ ಸಾಲದು. ನಾಳದ ಕೆಳಗೆ ಆಧಾರ ಬೇಕು. ಸೊಂಟದ ಎಲುಬಿನ ತಳದಲ್ಲಿ ತೊಟ್ಟಿಲ ಬಟ್ಟೆಯಂತೆ ಹರಡಿಕೊಂಡಿರುವ ಸ್ನಾಯುಗಳು ಮತ್ತು ಗಟ್ಟಿ ಎಳೆಗಳು ಆ ಆಧಾರ. ಇದಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ, ನಾವು ತಳದ ಸ್ನಾಯು ಎನ್ನೋಣ. ಕೆಮ್ಮಿದಾಗ ಮೇಲಿಂದ ಬರುವ ಒತ್ತಡ ಮೂತ್ರನಾಳವನ್ನು ಈ ಗಟ್ಟಿ ನೆಲಕ್ಕೆ ಅದುಮುತ್ತದೆ, ನಾಳ ಚಪ್ಪಟೆಯಾಗಿ ಮುಚ್ಚುತ್ತದೆ. ಅಂಗಳದ ಕಲ್ಲಿನ ಮೇಲೆ ಬಿದ್ದ ನೀರಿನ ಪೈಪನ್ನು ಮೆಟ್ಟಿದರೆ ನೀರು ನಿಲ್ಲುತ್ತದೆ. ಅದೇ ಪೈಪು ಮೆತ್ತನೆಯ ಕೆಸರಿನ ಮೇಲಿದ್ದರೆ ಎಷ್ಟು ಮೆಟ್ಟಿದರೂ ಕೆಸರೊಳಗೆ ಹೂತುಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಹೆರಿಗೆಯಲ್ಲಿ ತಳ ಹಿಗ್ಗಿ ಸಡಿಲಾದಾಗ ಆಗುವುದು ಇದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯ ಜಾನ್ ಡಿಲ್ಯಾನ್ಸಿ 1994ರಲ್ಲಿ ಈ ವಿವರಣೆ ಕೊಟ್ಟರು.

ಬಹಳ ಕಾಲ ಎಲ್ಲರ ಗಮನ ಈ ನೆಲದ ಮೇಲೇ ಇತ್ತು. 2008ರಲ್ಲಿ ಅದೇ ಡಿಲ್ಯಾನ್ಸಿ ತಂಡ ಸೋರಿಕೆ ಇರುವವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿತು. ಎದ್ದು ಕಂಡ ವ್ಯತ್ಯಾಸ ಆಧಾರದಲ್ಲಿರಲಿಲ್ಲ, ದಾರದಲ್ಲಿತ್ತು! ಮೂತ್ರನಾಳ ತನ್ನನ್ನು ತಾನು ಮುಚ್ಚಿಕೊಳ್ಳುವ ಒತ್ತಡ ಸೋರಿಕೆ ಇರುವವರಲ್ಲಿ ಸರಾಸರಿ 42% ಕಡಿಮೆ ಇತ್ತು. ವಯಸ್ಸಾಗುತ್ತ ಈ ಉಂಗುರದ ಸ್ನಾಯುವಿನ ಎಳೆಗಳು ಕಡಿಮೆಯಾಗುತ್ತವೆ ಎಂಬುದೂ ಬೇರೆ ಅಧ್ಯಯನಗಳಿಂದ ತಿಳಿದಿತ್ತು. ಹಾಗಾದರೆ ಕಳೆದುಹೋದ ಎಳೆಗಳನ್ನು ಮತ್ತೆ ಬೆಳೆಸಬಹುದೇ? ಕೋಶ ಚಿಕಿತ್ಸೆಯ ಪ್ರಶ್ನೆ ಇದೇ.

ಈಗ ಕೈಗೆ ಸಿಗುವ ಚಿಕಿತ್ಸೆ

ಹೊಸದರ ಕಡೆ ಹೋಗುವ ಮೊದಲು ಇರುವುದನ್ನು ಹೇಳಲೇಬೇಕು. ನನ್ನನ್ನು ಕೇಳಿದ ನಾಲ್ವರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ, ಅದು ನನಗೆ ತುಂಬ ಬೇಸರ ತಂದ ಸಂಗತಿ.

ಮೊದಲನೆಯದು ತಳದ ಸ್ನಾಯುವಿನ ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರಿನಿಂದಲೇ ‘ಕೆಗೆಲ್’ ಆಯಿತು. ಹೂಸನ್ನೂ ಮೂತ್ರವನ್ನೂ ಒಟ್ಟಿಗೆ ತಡೆಹಿಡಿಯುವಂತೆ ಒಳಗಿನಿಂದ ಮೇಲಕ್ಕೆ ಸೆಳೆಯಬೇಕು, ಕೆಲವು ಸೆಕೆಂಡು ಹಿಡಿದು ಪೂರ್ತಿ ಸಡಿಲಬಿಡಬೇಕು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು, ತಿಳಿದವರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ 2018ರಲ್ಲಿ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಪ್ರಕಟಿಸಿದ ಪರಿಶೀಲನೆಯಲ್ಲಿ, ಒತ್ತಡದ ಸೋರಿಕೆ ಇದ್ದು ವ್ಯಾಯಾಮ ಮಾಡಿದವರಲ್ಲಿ 56% ಮಂದಿ ಗುಣವಾಯಿತು ಎಂದರೆ, ಮಾಡದವರಲ್ಲಿ 6% ಮಂದಿ ಹಾಗೆಂದರು. ಇಂಜೆಕ್ಷನ್ ಇಲ್ಲ, ಲಕ್ಷವೂ ಇಲ್ಲ. ಆದರೆ ‘ತಿಳಿದವರ ಮೇಲ್ವಿಚಾರಣೆಯಲ್ಲಿ’ ಎಂಬುದನ್ನು ಬಿಡಬೇಡಿ. ಎಷ್ಟೋ ಜನ ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ತಿಣುಕುತ್ತಾರೆ, ಅದರಿಂದ ಕೆಡುಕೇ ಹೆಚ್ಚು. ಮೂತ್ರ ಮಾಡುತ್ತಿರುವಾಗಲೇ ಮಧ್ಯೆ ಮಧ್ಯೆ ನಿಲ್ಲಿಸುವುದನ್ನು ದಿನದ ಅಭ್ಯಾಸ ಮಾಡಿಕೊಳ್ಳುವುದೂ ಸರಿಯಲ್ಲ.

ಇದರೊಟ್ಟಿಗೆ ಒಂದು ಸಣ್ಣ ಉಪಾಯವಿದೆ. ಕೆಮ್ಮು ಬರುವ ಮುನ್ನಿನ ಅರೆಕ್ಷಣದಲ್ಲಿ ಆ ಸ್ನಾಯುವನ್ನು ಬಿಗಿಯುವುದು. ಇದನ್ನು ಕಲಿತ ಹಿರಿಯ ಮಹಿಳೆಯರಲ್ಲಿ ಒಂದೇ ವಾರದಲ್ಲಿ ಕೆಮ್ಮಿನ ಸೋರಿಕೆ ಇಳಿದದ್ದನ್ನು 1998ರ ಒಂದು ಅಧ್ಯಯನ ತೋರಿಸಿತು. ತೂಕ ಇಳಿಸುವುದೂ ಕೆಲಸ ಮಾಡುತ್ತದೆ. 338 ಸ್ಥೂಲಕಾಯದ ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸರಾಸರಿ 8% ತೂಕ ಇಳಿಸಿದ ಗುಂಪಿನಲ್ಲಿ ಸೋರಿಕೆಯ ಸಲಗಳು 6 ತಿಂಗಳಲ್ಲಿ 47% ಕಡಿಮೆಯಾದವು.

ಇದಾದ ಮೇಲೆ ಆಪರೇಶನ್ ಬರುತ್ತದೆ. 1996ರಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮೂತ್ರನಾಳದ ಕೆಳಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪಟ್ಟಿ ಹಾಯಿಸುವ ವಿಧಾನವನ್ನು ಪ್ರಕಟಿಸಿದರು. ಕೆಸರಿನ ಮೇಲಿದ್ದ ಪೈಪಿನ ಅಡಿಗೆ ಹಲಗೆ ಇಟ್ಟಂತೆ ಅದು. ಲಕ್ಷಾಂತರ ಮಂದಿಗೆ ಉಪಕಾರವಾಯಿತು. ಕೆಲವರಲ್ಲಿ ಮಾತ್ರ ಪಟ್ಟಿ ಅಂಗಾಂಶವನ್ನು ಕೊರೆದು ಹೊರಬಂತು, ಬಹುಕಾಲದ ನೋವು ಉಳಿಯಿತು. ಬ್ರಿಟನ್ 2018ರಲ್ಲಿ ಇದರ ಬಳಕೆಗೆ ತಡೆ ಹಾಕಿತು. ಅಮೆರಿಕದಲ್ಲಿ 2019ರಲ್ಲಿ ಮೂತ್ರಕೋಶ, ಗರ್ಭಕೋಶದಂಥ ಅಂಗ ಜಾರಿದ್ದಕ್ಕೆ ಯೋನಿ ಮಾರ್ಗದಲ್ಲಿ ಹಾಕುವ ದೊಡ್ಡ ಬಲೆಗಳ ಮಾರಾಟ ನಿಂತಿತು, ಸೋರಿಕೆಯ ಸಣ್ಣ ಪಟ್ಟಿ ಅಲ್ಲಿ ಮುಂದುವರಿದಿದೆ. ಪ್ಲಾಸ್ಟಿಕ್ ಇಲ್ಲದ ದಾರಿ ಇದೆಯೇ ಎಂಬ ಹುಡುಕಾಟಕ್ಕೆ ಈ ಗದ್ದಲ ಬಲ ಕೊಟ್ಟಿತು.

ಸ್ನಾಯುವಿನ ಮಗ್ಗುಲಲ್ಲಿ ಮಲಗಿರುವ ಕೋಶ

ಸ್ಟೆಮ್ ಸೆಲ್, ಕನ್ನಡದಲ್ಲಿ ಆಕರಕೋಶ, ಎಂದರೆ ಎರಡು ಕೆಲಸ ಬಲ್ಲ ಜೀವಕೋಶ. ತನ್ನಂಥದ್ದನ್ನೇ ಇನ್ನೊಂದು ಹುಟ್ಟಿಸುತ್ತದೆ, ಬೇಕಾದಾಗ ಪಕ್ವವಾಗಿ ನಿರ್ದಿಷ್ಟ ಅಂಗಾಂಶದ ಕೋಶವಾಗುತ್ತದೆ. ಇವೆಲ್ಲ ಒಂದೇ ಜಾತಿಯಲ್ಲ. ಭ್ರೂಣದ ಆಕರಕೋಶ ದೇಹದ ಯಾವ ಕೋಶವೂ ಆಗಬಲ್ಲದು, ಅಸ್ಥಿಮಜ್ಜೆಯದು ರಕ್ತ ಹುಟ್ಟಿಸುತ್ತದೆ, ಸ್ನಾಯುವಿನದು ಸ್ನಾಯುವನ್ನು. ಜಾಹೀರಾತಿನಲ್ಲಿ ಬರೀ ‘ಸ್ಟೆಮ್ ಸೆಲ್’ ಎಂದಿದ್ದರೆ ಯಾವ ಕೋಶ, ಎಲ್ಲಿಂದ ತೆಗೆದದ್ದು ಎಂಬುದು ಅದರಲ್ಲಿ ಬಂದೇ ಇಲ್ಲ ಎಂದು ಅರ್ಥ.

ಸ್ನಾಯುವಿನ ಆಕರಕೋಶವನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುವಿನಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡರು. ಉದ್ದನೆಯ ಸ್ನಾಯುಎಳೆಯ ಅಂಚಿಗೆ, ಅದರ ಹೊರಹೊದಿಕೆಯ ಒಳಗೆ, ಒತ್ತಿಕೊಂಡು ಕುಳಿತ ಪುಟ್ಟ ಕೋಶ. ಗ್ರಹದ ಪಕ್ಕದ ಉಪಗ್ರಹದಂತೆ ಕಂಡದ್ದರಿಂದ ‘ಸ್ಯಾಟಲೈಟ್ ಕೋಶ’ ಎಂದು ಹೆಸರಾಯಿತು. ಮಾಮೂಲಿ ದಿನಗಳಲ್ಲಿ ಅದು ನಿದ್ದೆಯಲ್ಲಿರುತ್ತದೆ. ಸ್ನಾಯು ಹರಿದಾಗ ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ, ಹಳೆಯ ಎಳೆಗೆ ಬೆಸೆದುಕೊಂಡು ಗಾಯ ತುಂಬುತ್ತದೆ. ವ್ಯಾಯಾಮ ಮಾಡಿ ಕಾಲು ಸೆಳೆದ ನಂತರ ಸ್ನಾಯು ಮತ್ತೆ ಸರಿಹೋಗುವುದರ ಹಿಂದೆ ಇವುಗಳ ದುಡಿಮೆಯಿದೆ.

ತೊಡೆಯಲ್ಲಿ ಇಂಥ ಕೋಶ ಬೇಕಾದಷ್ಟಿದೆ. ಸವೆದ ಸ್ಫಿಂಕ್ಟರಿಗೆ ಅಲ್ಲಿಂದ ಕಡ ತರಬಹುದೇ ಎಂದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮೈಕೆಲ್ ಚಾನ್ಸೆಲರ್, ಜಾನಿ ಹ್ಯೂವರ್ಡ್ ಮೊದಲಾದವರು ಇಲಿಗಳ ಮೇಲೆ ಪ್ರಯೋಗ ಶುರು ಮಾಡಿದರು.

ಒಂದು ಚಮಚ ಹೆಪ್ಪು

ಮನುಷ್ಯರ ಮೇಲಿನ ಪ್ರಯೋಗದಲ್ಲಿ ನಡೆಯುವುದು ಹೀಗೆ. ತೊಡೆಯ ಚರ್ಮವನ್ನು ಮರಗಟ್ಟಿಸಿ, ದಪ್ಪ ಸೂಜಿಯಿಂದ ಸ್ನಾಯುವಿನ ಸಣ್ಣ ತುಣುಕು ತೆಗೆಯುತ್ತಾರೆ. ಅದನ್ನು ತಣ್ಣಗಿನ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಬೇಕಾದ ಕೋಶಗಳನ್ನು ಬಿಡಿಸಿ, ಪೋಷಕ ದ್ರವದಲ್ಲಿ, 37 ಡಿಗ್ರಿ ಬಿಸುಪಿನಲ್ಲಿ ವಾರಗಟ್ಟಲೆ ಬೆಳೆಸುತ್ತಾರೆ.

ಒಂದು ಚಮಚ ಮೊಸರಿನಿಂದ ಪಾತ್ರೆ ಹಾಲು ಹೆಪ್ಪಾಗುವಂತೆ ಇಲ್ಲಿಯೂ ಚೂರಿನಿಂದ ರಾಶಿ ಆಗುತ್ತದೆ. ಒಂದು ಲಕ್ಷ ಕೋಶಗಳಿಂದ ಶುರುವಾದರೂ 11 ಸಲ ಇಮ್ಮಡಿಯಾದರೆ 20 ಕೋಟಿ ದಾಟುತ್ತದೆ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಮೊಸರು ಹುಳಿಯಾದರೆ ಚೆಲ್ಲಿ ಮತ್ತೆ ಹೆಪ್ಪು ಹಾಕಬಹುದು. ಇಲ್ಲಿ ಒಂದು ಬ್ಯಾಕ್ಟೀರಿಯಾ ಒಳಹೊಕ್ಕರೆ ಅದು ಕೋಶಗಳ ಜೊತೆಗೇ ದೇಹದೊಳಕ್ಕೆ ಹೋಗುತ್ತದೆ. ಬೆಳೆದದ್ದು ಸ್ನಾಯುಕೋಶವೋ ಅಥವಾ ಪಕ್ಕದ ನಾರುಕೋಶವೋ, ಜೀವಂತ ಎಷ್ಟು, ಸತ್ತದ್ದೆಷ್ಟು, ಒಬ್ಬರದು ಇನ್ನೊಬ್ಬರದಕ್ಕೆ ಬೆರೆತಿಲ್ಲ ತಾನೆ ಎಂದು ಪ್ರತಿ ಹಂತದಲ್ಲಿ ಪರೀಕ್ಷೆಯಾಗಬೇಕು. ಔಷಧ ತಯಾರಿಕೆಗೆ ಇರುವಂಥದೇ ಶುದ್ಧಕೋಣೆ, ದಾಖಲೆ, ಪರವಾನಗಿ ಇದಕ್ಕೂ ಬೇಕು. ಬೆಳೆದ ಕೋಶಗಳನ್ನು ಅತಿ ಶೀತದಲ್ಲಿಟ್ಟು, ಸರದಿ ಬಂದಾಗ ಕರಗಿಸಿ, ನಾಳದೊಳಗೆ ತೂರಿಸುವ ಸಣ್ಣ ದುರ್ಬೀನು ಅಥವಾ ಅಲ್ಟ್ರಾಸೌಂಡ್ ನೋಡುತ್ತ ಸ್ಫಿಂಕ್ಟರಿನ ಸುತ್ತ ಸೂಜಿಯಿಂದ ಬಿಡುತ್ತಾರೆ.

ಚುಚ್ಚುವುದು ಕೆಲವೇ ನಿಮಿಷದ ಕೆಲಸ, ಅದಕ್ಕೆ ಮುಂಚಿನದು ವಾರಗಳದು. ‘ಬೆಳಿಗ್ಗೆ ಬನ್ನಿ, ಸಂಜೆ ಹೋಗಿ’ ಎನ್ನುವವರು ಬೆಳೆಸಿದ ಸ್ನಾಯುಕೋಶ ಕೊಡುತ್ತಿಲ್ಲ, ಬೇರೇನನ್ನೋ ಕೊಡುತ್ತಿದ್ದಾರೆ.

ಬೇರೆಯದೂ ಒಂದು ಸಂಶೋಧನೆ ಇದೆ ಎನ್ನಿ. ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆದು, ಅದರಲ್ಲಿನ ಕೋಶಗಳನ್ನು ಅದೇ ದಿನ ಬೇರ್ಪಡಿಸಿ ಚುಚ್ಚುವ ವಿಧಾನವನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ, ಪ್ರಾಸ್ಟೇಟ್ ಆಪರೇಶನ್ ನಂತರ ಸೋರಿಕೆ ಉಳಿದ ಗಂಡಸರಲ್ಲಿ ಪರೀಕ್ಷಿಸಿದೆ. ಅದೂ ಪ್ರಯೋಗವೇ.

ಚುಚ್ಚಿದ ಕೋಶ ಒಳಗೆ ಮಾಡುವುದೇನು? ಹೊಸ ಸ್ನಾಯುಎಳೆಯಾಗುತ್ತದೆ ಎಂಬುದು ಒಂದು ವಾದ, ಪ್ರಾಣಿಗಳಲ್ಲಿ ಅದಕ್ಕೆ ಪುರಾವೆ ಸಿಕ್ಕಿದೆ. ತಾನು ಸ್ವಲ್ಪ ಕಾಲ ಬದುಕಿದ್ದು, ಸುತ್ತಲ ಅಂಗಾಂಶ ಚೇತರಿಸಿಕೊಳ್ಳುವಂಥ ರಾಸಾಯನಿಕ ಸಂಕೇತ ಸೂಸುತ್ತದೆ ಎಂಬುದು ಇನ್ನೊಂದು. ಮನುಷ್ಯರ ಸ್ಫಿಂಕ್ಟರಿನ ಚೂರು ತೆಗೆದು ನೋಡುವಂತಿಲ್ಲವಾದ್ದರಿಂದ ಇದು ಸುಲಭಕ್ಕೆ ಇತ್ಯರ್ಥವಾಗುವ ಪ್ರಶ್ನೆಯಲ್ಲ.

ಪ್ರಯೋಗಗಳ ಕಥೆ

ಆರಂಭದಲ್ಲಿ ಆಸೆ ದೊಡ್ಡದಿತ್ತು. 2007ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 63 ಮಹಿಳೆಯರ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಕೋಶ ಚುಚ್ಚಿಸಿಕೊಂಡ ಹೆಚ್ಚಿನವರಿಗೆ ಗುಣವಾಯಿತು ಎಂದಿತ್ತು. ಜಗತ್ತೆಲ್ಲ ಸುದ್ದಿಯಾಯಿತು. ಮರುವರ್ಷ ಆಸ್ಟ್ರಿಯಾ ಸರ್ಕಾರದ ತಪಾಸಣೆಯಲ್ಲಿ ನೀತಿ ಸಮಿತಿಯ (ಪ್ರಯೋಗ ನೈತಿಕವಾಗಿ ಸರಿಯೇ ಎಂದು ನೋಡುವ ಸಮಿತಿ) ಒಪ್ಪಿಗೆ, ರೋಗಿಗಳ ಸಮ್ಮತಿ ಮೊದಲಾದವುಗಳಲ್ಲಿ ಗಂಭೀರ ಲೋಪ ಕಂಡುಬಂದವು. ಪತ್ರಿಕೆ 2008ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡ ಲೇಖನವನ್ನು ಆಧಾರವಾಗಿ ಎಣಿಸುವಂತಿಲ್ಲ. ‘ಯುರೋಪಿನಲ್ಲಿ ಸಾಬೀತಾಗಿದೆ’ ಎಂದು ಯಾರಾದರೂ ಹೇಳಿದರೆ, ಯಾವ ಅಧ್ಯಯನ ಎಂದು ಕೇಳಿ.

ಅದೇ 2008ರಲ್ಲಿ ಕೆನಡಾದ ಟೊರಾಂಟೊದಿಂದ ಸಣ್ಣ ವರದಿ ಬಂತು. ಬರೀ 8 ಮಹಿಳೆಯರು. ಮೂವರು ಒಂದು ತಿಂಗಳ ನಂತರ ಬಿಟ್ಟುಹೋದರು. ಐವರಿಗೆ ಸುಧಾರಣೆ ಕಂಡಿತು, ಅವರಲ್ಲಿ ಒಬ್ಬರಿಗೆ ಸೋರಿಕೆ ಪೂರ್ತಿ ನಿಂತಿತು. ಸುಧಾರಣೆ ಶುರುವಾದದ್ದು ಚುಚ್ಚಿದ 3ರಿಂದ 8 ತಿಂಗಳ ನಂತರ. ಗಂಭೀರ ತೊಂದರೆ ಯಾರಿಗೂ ಆಗಲಿಲ್ಲ. 2014ರಲ್ಲಿ ಪ್ರಕಟವಾದ ಮುಂದಿನ ಹಂತದಲ್ಲಿ 80 ಮಹಿಳೆಯರಿಗೆ 1 ಕೋಟಿ, 5 ಕೋಟಿ, 10 ಕೋಟಿ, 20 ಕೋಟಿ ಹೀಗೆ ಬೇರೆ ಬೇರೆ ಪ್ರಮಾಣದ ಕೋಶ ಕೊಟ್ಟು ನೋಡಿದರು. ಸುರಕ್ಷಿತ ಎನಿಸಿತು. ಹೆಚ್ಚು ಕೋಶ ಪಡೆದವರಲ್ಲಿ ಸುಧಾರಣೆಯೂ ಹೆಚ್ಚು ಕಂಡಿತು. ಆದರೆ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ.

ನಿಜವಾದ ಪಾಠ ಬಂದದ್ದು ಹೋಲಿಕೆಯ ಗುಂಪು ಇಟ್ಟು ನಡೆಸಿದ ಮುಂದಿನ ಪ್ರಯೋಗದಿಂದ. 246 ಮಹಿಳೆಯರನ್ನು ಸೇರಿಸಿಕೊಳ್ಳಬೇಕೆಂದು ಯೋಜಿಸಿದ ಆ ಪ್ರಯೋಗದಲ್ಲಿ ಕೆಲವರಿಗೆ 15 ಕೋಟಿ ಕೋಶ, ಉಳಿದವರಿಗೆ ಕೋಶವಿಲ್ಲದ ಬರೀ ದ್ರವ. ಎಲ್ಲರ ತೊಡೆಯಿಂದಲೂ ಚೂರು ತೆಗೆದಿದ್ದರು, ಎಲ್ಲರಿಗೂ ಸೂಜಿ ಚುಚ್ಚಿದ್ದರು. ಯಾರಿಗೆ ಯಾವುದು ಎಂದು ಮಹಿಳೆಯರಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ಸೋರಿಕೆಯ ಸಲಗಳು ಅಥವಾ ಪ್ಯಾಡಿನ ತೂಕ ಅರ್ಧಕ್ಕಿಳಿದರೆ ಗೆಲುವು ಎಂದು ಎಣಿಸಬೇಕೆಂದು ಮೊದಲೇ ನಿಗದಿಯಾಗಿತ್ತು. ಆ ಲೆಕ್ಕದಲ್ಲಿ ಬರೀ ದ್ರವ ಪಡೆದವರಲ್ಲೇ ಸುಮಾರು 90% ಮಂದಿ ಗೆದ್ದಿದ್ದರು! ಅದಕ್ಕಿಂತ ಮೇಲೆ ಕೋಶದ ಗುಣ ತೋರಿಸಲು ಜಾಗವೇ ಉಳಿಯಲಿಲ್ಲ. 150 ಮಂದಿಗೆ ಸೇರ್ಪಡೆ ನಿಲ್ಲಿಸಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಮಹಿಳೆಯರು ಸುಳ್ಳು ಹೇಳಲಿಲ್ಲ. ಪ್ರಯೋಗಕ್ಕೆ ಸೇರಿದವರು ಡೈರಿ ಬರೆಯುತ್ತಾರೆ, ತಮ್ಮ ದೇಹವನ್ನು ಗಮನಿಸುತ್ತಾರೆ, ಹೊತ್ತಿಗೆ ಸರಿಯಾಗಿ ಬಚ್ಚಲಿಗೆ ಹೋಗುತ್ತಾರೆ, ಬಿಗಿಯುವುದನ್ನು ಕಲಿಯುತ್ತಾರೆ. ಸೋರಿಕೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ತೀರಾ ಹೆಚ್ಚಿದ್ದಾಗಲೇ ಜನ ಡಾಕ್ಟರ ಬಳಿ ಬರುವುದರಿಂದ ಆಮೇಲೆ ತಾನಾಗಿಯೇ ಸ್ವಲ್ಪ ಇಳಿಯುವುದೂ ಸಹಜ. ಗುಣವಾಗುತ್ತದೆ ಎಂಬ ಭರವಸೆಯದೂ ಒಂದು ಪಾಲು. ಇವೆಲ್ಲ ಸೇರಿದ್ದನ್ನು ಪ್ಲಸೀಬೊ ಪರಿಣಾಮ ಎನ್ನುತ್ತಾರೆ.

ಒಂದು ಕ್ಲಿನಿಕ್ಕು ‘ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಗುಣ’ ಎಂದರೆ ಅದು ಸತ್ಯವೇ ಇದ್ದೀತು. ಕೋಶವೇ ಇಲ್ಲದ ದ್ರವಕ್ಕೂ ಅಷ್ಟೇ ಬಂದಿತ್ತು ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಹೋಲಿಕೆಯ ಗುಂಪಿಲ್ಲದೆ ಹೇಳಿದ ಯಾವ ಅಂಕಿಗೂ ಇಲ್ಲಿ ಬೆಲೆಯಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ತಿಳಿಯಬೇಕಾದದ್ದು ಇದೊಂದೇ ಇದ್ದರೂ ಸಾಕು.

ಸಂಶೋಧಕರು ಅಲ್ಲಿಗೆ ಕೈಬಿಡಲಿಲ್ಲ. ಮುಂದಿನ ದೊಡ್ಡ ಪ್ರಯೋಗವನ್ನು, ಆಪರೇಶನ್ ಆದ ಮೇಲೂ ಸೋರಿಕೆ ಉಳಿದ ಅಥವಾ ಮರಳಿದ ಮಹಿಳೆಯರಿಗೆಂದೇ ರೂಪಿಸಿದರು. ಆಧಾರ ಸರಿಪಡಿಸಿದರೂ ಸೋರುತ್ತಿದೆಯೆಂದರೆ ತೊಂದರೆ ದಾರದಲ್ಲೇ ಇರುವ ಸಂಭವ ಹೆಚ್ಚು, ಆದ್ದರಿಂದ ಕೋಶಕ್ಕೆ ತನ್ನ ಗುಣ ತೋರಿಸುವ ಅವಕಾಶವೂ ಅಲ್ಲಿ ಹೆಚ್ಚು.

‘ಪೊವಾಯಿಯಲ್ಲಿ ಕೋಶ ಚಿಕಿತ್ಸೆ ಮಾಡಿದ್ದಾರಲ್ಲ?’

ಚಿಕ್ಕಮ್ಮನ ಈ ಪ್ರಶ್ನೆ ಸರಿಯಾದದ್ದೇ. ಪೊವಾಯಿಯ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ‘ನೆಕ್ಸ್‌ಕಾರ್19’ ಎಂಬ ಕೋಶ ಚಿಕಿತ್ಸೆಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಬಿಡುಗಡೆ ಮಾಡಿದರು. ಅದು ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ. ರೋಗಿಯ ರಕ್ಷಣಾ ಕೋಶ ತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಅದರ ವಂಶವಾಹಿ ಮಾರ್ಪಡಿಸಿ ಮತ್ತೆ ಕೊಡುತ್ತಾರೆ. ಸ್ನಾಯುಕೋಶಕ್ಕೂ ಅದಕ್ಕೂ ಹೆಸರಿನ ನಂಟಷ್ಟೆ. ಪ್ರಯೋಗ ನಡೆದು, ಫಲಿತಾಂಶ ಸಲ್ಲಿಕೆಯಾಗಿ, ಒಪ್ಪಿಗೆ ಸಿಕ್ಕಿ, ಆಮೇಲೆ ರೋಗಿಗಳಿಗೆ ಬಂತು. ಒಂದು ಕೋಶ ಚಿಕಿತ್ಸೆ ಪಾಸಾದರೆ ಉಳಿದವೂ ಪಾಸಾದಂತಲ್ಲ, ಒಂದು ಮಾತ್ರೆಗೆ ಸಿಕ್ಕ ಒಪ್ಪಿಗೆ ಇನ್ನೊಂದು ಮಾತ್ರೆಗೆ ಸಲ್ಲದ ಹಾಗೆ.

ಆಕರಕೋಶಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ರೂಢಿಯ ಚಿಕಿತ್ಸೆಯನ್ನು ಬಿಟ್ಟರೆ, ಉಳಿದ ಆಕರಕೋಶ ಬಳಕೆಯೆಲ್ಲ ಸಂಶೋಧನೆ. ಅದು ಒಪ್ಪಿಗೆ ಪಡೆದ ಕ್ಲಿನಿಕಲ್ ಟ್ರಯಲ್ಲಿನಲ್ಲಿ ಮಾತ್ರ ನಡೆಯಬೇಕು, ಭಾಗವಹಿಸುವ ರೋಗಿಯಿಂದ ಅದಕ್ಕೆ ಹಣ ತೆಗೆದುಕೊಳ್ಳುವಂತಿಲ್ಲ. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂಬುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿದೆ.

ಹೀಗಾಗಿ ಆ ಸಂದೇಶದ ಕ್ಲಿನಿಕ್ಕು ಲಕ್ಷಗಳ ದರ ಹೇಳಿದ್ದೇ ಅನುಮಾನಕ್ಕೆ ಸಾಕಾದ ಕಾರಣ. ‘ಟ್ರಯಲ್ ನಡೆಸುತ್ತಿದ್ದೇವೆ’ ಎಂದರೆ ಅದರ ಸಿಟಿಆರ್‌ಐ ನಂಬರು ಕೇಳಿ. ಸಿಟಿಆರ್‌ಐ ಎಂದರೆ 2007ರಲ್ಲಿ ಶುರುವಾದ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ಪುಸ್ತಕ. ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಹುಡುಕಬಹುದು. ಯಾವ ಕಾಯಿಲೆ, ಯಾವ ಆಸ್ಪತ್ರೆ, ಹೋಲಿಕೆಯ ಗುಂಪು ಇದೆಯೇ, ನೀತಿ ಸಮಿತಿ ಒಪ್ಪಿದೆಯೇ ಎಲ್ಲವೂ ಅಲ್ಲಿರುತ್ತದೆ. ನಂಬರು ಇದ್ದ ಮಾತ್ರಕ್ಕೆ ಸರ್ಕಾರ ಚಿಕಿತ್ಸೆಯನ್ನು ಒಪ್ಪಿದೆ ಎಂದಲ್ಲ, ಅದು ಬರೀ ದಾಖಲೆ. ನಂಬರೇ ಇಲ್ಲದಿದ್ದರೆ ಮಾತ್ರ ಮಾತು ಅಲ್ಲಿಗೇ ಮುಗಿಯಿತು.

ಮೂರು ದಿನದ ಡೈರಿ

ಡಾಕ್ಟರ ಬಳಿ ಹೋಗುವ ಮುಂಚೆ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ, ಮೂರು ದಿನದ ಮೂತ್ರ ಡೈರಿ. ಎಷ್ಟು ಗಂಟೆಗೆ ಎಷ್ಟು ನೀರು, ಚಹಾ ಕುಡಿದಿರಿ, ಎಷ್ಟು ಗಂಟೆಗೆ ಎಷ್ಟು ಮೂತ್ರವಾಯಿತು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ, ಅಷ್ಟೇ. ಕುಡಿಯುವುದನ್ನು ಕಡಿಮೆ ಮಾಡಬಾರದು. ನೀರು ಕಮ್ಮಿಯಾದರೆ ಮೂತ್ರ ದಪ್ಪವಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಅವಸರ ಇನ್ನಷ್ಟು ಹೆಚ್ಚುತ್ತದೆ. ಮೂತ್ರದಲ್ಲಿ ರಕ್ತ, ಉರಿ, ಜ್ವರ ಇದ್ದರೆ, ಹಗಲು ರಾತ್ರಿ ನಿಲ್ಲದೆ ಸೋರುತ್ತಿದ್ದರೆ, ಕಾಲು ಮರಗಟ್ಟುತ್ತಿದ್ದರೆ ಡೈರಿಗೆ ಕಾಯದೆ ಕೂಡಲೇ ತೋರಿಸಬೇಕು.

ಚಿಕ್ಕಮ್ಮ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಬರೆದರು. ಅಳತೆಗೆ ಒಂದು ಪ್ಲಾಸ್ಟಿಕ್ ಮಗ್ ಬೇರೆಯೇ ಇಟ್ಟರು. ನಾನು ನೋಡಿದಾಗ ಸೋರಿಕೆಯ ಸಾಲುಗಳು ಹೀಗಿದ್ದವು: ‘6.40, ಒಗ್ಗರಣೆ ಘಾಟಿಗೆ ಸೀನು’, ‘11.15, ಸ್ಟೇಷನ್ ಸೇತುವೆ ಇಳಿಯುವಾಗ, ಕೈಯಲ್ಲಿ ತರಕಾರಿ ಚೀಲ’, ‘ಸಂಜೆ 7, ಭಜನೆಯಲ್ಲಿ ಎತ್ತರದ ಸ್ವರ’. ಮೂರು ದಿನಕ್ಕೆ ಏಳು ಸಲ, ಏಳೂ ಒತ್ತಡದ್ದು. ಅವಸರದ್ದು ಒಂದೂ ಇರಲಿಲ್ಲ.

ಆ ಹಾಳೆಯನ್ನು ಮಡಚಿಕೊಂಡು ಅವರು ಸ್ತ್ರೀರೋಗ ತಜ್ಞೆಯ ಬಳಿ ಹೋದರು. ಡಾಕ್ಟರು ಅದನ್ನು ಪೂರ್ತಿ ಓದಿ, ಪರೀಕ್ಷೆ ಮಾಡಿ, ಫಿಸಿಯೋಥೆರಪಿಗೆ ಬರೆದುಕೊಟ್ಟಿದ್ದಾರೆ. ಈಗ ಆರನೆಯ ವಾರ. ಅದೇ ಕ್ಯಾಲೆಂಡರಿನ ಮುಂದಿನ ತಿಂಗಳ ಹಾಳೆಯಲ್ಲಿ, ದಿನಕ್ಕೆ ಮೂರರಂತೆ, ಪೆನ್ಸಿಲಿನ ಗೀಟುಗಳು ಬೀಳುತ್ತಿವೆ.